ವೋರ್ಟೆಕ್ಸ್ 10: ಬೋನಿನ ಬಾಗಿಲು ತೆರೆಯುವ ಮುಂಚೆ ಇದನ್ನು ತೆರೆಯಿರಿ

ವೋರ್ಟೆಕ್ಸ್ ಅಂದರೆ ಪ್ರಾಣಿಗಳ ಹಿಂಡು ಮುಂದೆ ಉಳಿಯುತ್ತದಾ ಅಳಿಯುತ್ತದಾ ಅಂತ ಲೆಕ್ಕ ಹಾಕುವ ತಂತ್ರಾಂಶ. ನೋಡೋಕೆ ಹಳೇ ಕಾಲದ್ದು. ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ತೆರೆದ ಕೂಡಲೇ ತುಂಬಬೇಕಾದ ಖಾನೆಗಳ ಸಾಲು ಎದುರಾಗುತ್ತದೆ. ಅರ್ಧ ಖಾನೆಗಳಿಗೆ ಏನು ಬರೀಬೇಕು ಅಂತ ತಂಡದಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಇಷ್ಟಾದರೂ, ಪ್ರಾಣಿಗಳು ಅಳಿದುಹೋದ ಜಾಗಕ್ಕೆ ಅವನ್ನು ಮತ್ತೆ ತಂದು ಬಿಡುವವರು ವೋರ್ಟೆಕ್ಸ್ ಮುಟ್ಟದೆ ಆ ಕೆಲಸಕ್ಕೆ ಕೈ ಹಾಕಬಾರದು ಅನ್ನುವವಳು ನಾನು. ಯಾಕೆ ಅಂತ ಹೇಳುತ್ತೇನೆ. ಎಲ್ಲಿ ನಂಬಬಾರದು ಅಂತಲೂ ಹೇಳುತ್ತೇನೆ.

ಇಂಥ ತಂಡಗಳಿಗೆ ಲೆಕ್ಕ ಮಾಡಿಕೊಡುವುದು ನನ್ನ ಕೆಲಸ. ಹಿಕ್ಕೆ, ಕೂದಲು, ರಕ್ತದ ಮಾದರಿಗಳು ಲ್ಯಾಬಿಗೆ ಹೋಗಿ ಅಂಕಿಗಳಾಗಿ ವಾಪಸ್ ಬಂದ ಮೇಲೆ ನನ್ನ ಪಾಳಿ ಶುರು. ಕಾಡು ಸುತ್ತುವವರು ನನ್ನನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಬಿಸಿಲಲ್ಲಿ ನಿಂತು ಪ್ರಾಣಿ ಎಣಿಸಿದವರಿಗೆ, ಕುರ್ಚಿಯಲ್ಲಿ ಕೂತವಳು ಬಂದು 'ನಿಮ್ಮ ಎಣಿಕೆ ಸಾಲದು' ಅಂದರೆ ಯಾರಿಗೆ ಖುಷಿಯಾಗುತ್ತದೆ?

ವೋರ್ಟೆಕ್ಸ್ ಹಿಂದಿರುವವರು ರಾಬರ್ಟ್ ಲೇಸಿ. ಷಿಕಾಗೋ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿ ಕೆಲಸ ಮಾಡಿದ ತಳಿವಿಜ್ಞಾನಿ. 1993ರಲ್ಲಿ ಈ ತಂತ್ರಾಂಶದ ಬಗ್ಗೆ ಅವರ ಪ್ರಬಂಧ ಬಂತು. ಈಗ ಬಳಕೆಯಲ್ಲಿರುವುದು ಹತ್ತನೇ ಆವೃತ್ತಿ. ಕಾಸು ಕೊಡಬೇಕಿಲ್ಲ, ಇಳಿಸಿಕೊಂಡು ಬಳಸಬಹುದು. ಪ್ರಕೃತಿ ಸಂರಕ್ಷಣೆಯ ಜಾಗತಿಕ ಒಕ್ಕೂಟವಾದ ಐಯುಸಿಎನ್‌ನ ಸಂರಕ್ಷಣಾ ಯೋಜನೆಯ ತಜ್ಞರು ತಮ್ಮ ಕಾರ್ಯಾಗಾರಗಳಲ್ಲಿ ಇದನ್ನು ದಶಕಗಳಿಂದ ಬಳಸುತ್ತಿದ್ದಾರೆ.

ಇದು ಹಿಂಡನ್ನು ಒಂದು ಮೊತ್ತವಾಗಿ ನೋಡುವುದಿಲ್ಲ. ಒಂದೊಂದು ಪ್ರಾಣಿಯ ಲೆಕ್ಕವನ್ನೂ ಬೇರೆ ಇಡುತ್ತದೆ. ಪ್ರತಿಯೊಂದಕ್ಕೂ ಲಿಂಗ, ವಯಸ್ಸು, ಅಪ್ಪ, ಅಮ್ಮ ಇರುತ್ತಾರೆ. ಪ್ರತಿ ವರ್ಷ ಪ್ರತಿಯೊಂದರ ಮೇಲೂ ದಾಳ ಉರುಳುತ್ತದೆ. ಜೋಡಿ ಸಿಕ್ಕಿತಾ? ಎಷ್ಟು ಮರಿ? ಅದರಲ್ಲಿ ಗಂಡೆಷ್ಟು? ಯಾವುದು ಸತ್ತಿತು? ಬರ, ರೋಗ, ಬೆಂಕಿಯಂಥ ಅನಾಹುತಗಳಿಗೆ ಬೇರೆ ದಾಳ. ಹೀಗೆ ನೂರು ವರ್ಷ ಓಡಿಸಿ, ಮತ್ತೆ ಮೊದಲಿಂದ ಶುರು ಮಾಡುತ್ತದೆ. ಬೇಕಾದರೆ ಸಾವಿರ ಸಲ.

ಓಡುವಾಗ ಪರದೆ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಒಂದೊಂದು ಸಲಕ್ಕೂ ಒಂದೊಂದು ಗೆರೆ. ಎಲ್ಲವೂ ಒಂದೇ ಕಡೆಯಿಂದ ಹೊರಡುತ್ತವೆ, ಮೊದಲ ಕೆಲವು ವರ್ಷ ಒತ್ತೊತ್ತಾಗಿ ಹೋಗುತ್ತವೆ, ಆಮೇಲೆ ಚದುರುತ್ತವೆ. ಒಂದು ಗೆರೆ ಚೆನ್ನಾಗಿ ಏರುತ್ತಿರುತ್ತದೆ, ಇದ್ದಕ್ಕಿದ್ದಂತೆ ಎರಡು ಕೆಟ್ಟ ವರ್ಷ ಒಟ್ಟಿಗೆ ಬಂದು ನೆಲಕ್ಕೆ ಬೀಳುತ್ತದೆ. ಇನ್ನೊಂದು ತೆವಳಿಕೊಂಡೇ ಕೊನೆವರೆಗೂ ಬದುಕುತ್ತದೆ. ಖಾನೆಗಳಲ್ಲಿ ತುಂಬಿದ ಅಂಕಿ ಎಲ್ಲದಕ್ಕೂ ಒಂದೇ. ಸಣ್ಣ ಹಿಂಡಿನ ಹಣೆಬರಹದಲ್ಲಿ ಅದೃಷ್ಟದ ಪಾಲು ಎಷ್ಟು ಅನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸುವ ಬೇರೆ ಸಾಧನ ನಾನು ಕಂಡಿಲ್ಲ. ಸಭೆಯಲ್ಲಿ ಭಾಷಣ ಮಾಡುವ ಬದಲು ಇದನ್ನು ಓಡಿಸಿ ಸುಮ್ನೆ ಕೂತರೆ ಸಾಕು.

ಇನ್ನು ಜೀನ್ ವಿಷಯ. ನಾನು ಇದನ್ನು ಬಳಸುವುದೇ ಅದಕ್ಕಾಗಿ.

ಒಂದು ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು: "ಆವರಣದಲ್ಲಿ ನಲವತ್ತು ಇವೆಯಲ್ಲಮ್ಮ, ಬಿಡೋಕೆ ಇನ್ನೇನು ಅಡ್ಡಿ?"

"ಸರ್, ಗಂಡು ಎಷ್ಟು?"

"ಎರಡು. ಜಾಸ್ತಿ ಇಟ್ಟರೆ ಕಾದಾಡುತ್ತವೆ."

ಎರಡು ಗಂಡು, ಮೂವತ್ತೆಂಟು ಹೆಣ್ಣು. ತಲೆ ಎಣಿಸಿದರೆ ನಲವತ್ತೇ. ಆದರೆ ಪ್ರತಿ ಮರಿಯ ಅರ್ಧ ಜೀನ್ ಆ ಎರಡು ಗಂಡುಗಳಿಂದಲೇ ಬರಬೇಕಲ್ಲ? ಇದಕ್ಕೆ ಹಳೆಯ ಸೂತ್ರ ಒಂದಿದೆ. ಗಂಡು ಮತ್ತು ಹೆಣ್ಣಿನ ಸಂಖ್ಯೆಗಳನ್ನು ಗುಣಿಸಿ, ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಉತ್ತರ 7.6. ಇದಕ್ಕೆ ಪರಿಣಾಮಕಾರಿ ಸಂಖ್ಯೆ ಅನ್ನುತ್ತಾರೆ. ಅಂದರೆ ಜೀನ್ ಉಳಿಸಿಕೊಳ್ಳುವ ವಿಷಯದಲ್ಲಿ ಆ ನಲವತ್ತು, ಎಂಟಕ್ಕೂ ಸಮವಲ್ಲ. ಇದೇ ಸ್ಥಿತಿ ಮುಂದುವರಿದರೆ ತಲೆಮಾರಿಗೆ ಸುಮಾರು ಶೇ. 6.6 ವೈವಿಧ್ಯ ಸೋರಿಹೋಗುತ್ತದೆ. ಕಾಡು ಹಿಂಡುಗಳ ಅಧ್ಯಯನಗಳನ್ನು ಒಟ್ಟುಮಾಡಿ ತಳಿವಿಜ್ಞಾನಿ ರಿಚರ್ಡ್ ಫ್ರಾಂಕ್‌ಹ್ಯಾಮ್ 1995ರಲ್ಲಿ ಹೇಳಿದ್ದೂ ಇದನ್ನೇ: ಈ ಪರಿಣಾಮಕಾರಿ ಸಂಖ್ಯೆ ಸರಾಸರಿಯಲ್ಲಿ ಎಣಿಕೆಯ ಹತ್ತನೇ ಒಂದು ಭಾಗದಷ್ಟೇ.

ವೋರ್ಟೆಕ್ಸ್‌ನಲ್ಲಿ ಎಷ್ಟು ಗಂಡುಗಳಿಗೆ ಹೆಣ್ಣು ಸಿಗುತ್ತದೆ ಅನ್ನುವುದಕ್ಕೇ ಒಂದು ಪುಟ ಇದೆ. ಅಲ್ಲಿ ಒಂದು ಅಂಕಿ ಬದಲಾಯಿಸಿ ಮತ್ತೆ ಓಡಿಸಿದರೆ ಎಣಿಕೆಯ ಗೆರೆ ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಜೀನ್ ವೈವಿಧ್ಯದ ಗೆರೆ ಮಾತ್ರ ಕುಸಿಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಾಗ ಆ ಹಿರಿಯರು ಸ್ವಲ್ಪ ಹೊತ್ತು ನೋಡಿ, "ಹಾಗಾದರೆ ಗಂಡುಗಳನ್ನು ಸರದಿ ಮೇಲೆ ಬಿಡಬೇಕು" ಅಂದರು. ಸೂತ್ರ ಬರೆದು ತೋರಿಸಿದ್ದರೆ ಈ ಮಾತು ಬರುತ್ತಿರಲಿಲ್ಲ ಅಂತ ನನಗೆ ಖಾತ್ರಿ ಇದೆ.

ಈಗ ದೂರು. ಹೊಸಬರು ಇಲ್ಲಿ ಗಮನ ಕೊಡಿ.

ಬೇರೆ ಏನೂ ಹೇಳದಿದ್ದರೆ, ಮೊದಲ ದಿನ ಬಿಟ್ಟ ಪ್ರಾಣಿಗಳು ಒಂದಕ್ಕೊಂದು ನೆಂಟರಲ್ಲ ಅಂತ ವೋರ್ಟೆಕ್ಸ್ ಅಂದುಕೊಳ್ಳುತ್ತದೆ. ಪ್ರತಿಯೊಂದಕ್ಕೂ ಬೇರೆ ಯಾವುದಕ್ಕೂ ಇಲ್ಲದ ಎರಡು ಜೀನ್ ಪ್ರತಿ ಕೊಟ್ಟು ಆಟ ಶುರು ಮಾಡುತ್ತದೆ. ದೊಡ್ಡ ಕಾಡಿನ ಬೇರೆ ಬೇರೆ ಮೂಲೆಗಳಿಂದ ಹಿಡಿದು ತಂದಿದ್ದರೆ ಇದು ನಡೆಯುತ್ತದೆ. ಆವರಣದಲ್ಲಿ ಹುಟ್ಟಿದ ಪ್ರಾಣಿಗಳಾದರೆ ಇದು ಶುದ್ಧ ಸುಳ್ಳು. ಅಲ್ಲಿ ಇಪ್ಪತ್ತು ಪ್ರಾಣಿ ಅಂದರೆ ಅಕ್ಕತಂಗಿಯರು, ಚಿಕ್ಕಪ್ಪ, ಮೊಮ್ಮಕ್ಕಳು. ಖಾನೆಯನ್ನು ಹಾಗೇ ಬಿಟ್ಟರೆ ಗ್ರಾಫ್ ಬಹಳ ಸುಂದರವಾಗಿ ಬರುತ್ತದೆ. ಸುಂದರವಾಗಿ ಬಂದಿದೆ ಅಂತಲೇ ವರದಿಗೂ ಸೇರುತ್ತದೆ.

ಇದಕ್ಕೆ ದಾರಿ ತಂತ್ರಾಂಶದಲ್ಲೇ ಇದೆ. ವಂಶಾವಳಿ ದಾಖಲೆ ಇದ್ದರೆ ಅದನ್ನು ಓದಿಸಬಹುದು. ಲ್ಯಾಬಿನಿಂದ ಬಂದ ಆಲೀಲ್ (ಒಂದೇ ಜೀನಿನ ಬೇರೆ ಬೇರೆ ರೂಪ) ಪ್ರಮಾಣಗಳನ್ನೂ ಕೊಡಬಹುದು. ಆದರೆ ನೀವಾಗಿ ಹೇಳದಿದ್ದರೆ ಅದಾಗಿ ಕೇಳುವುದಿಲ್ಲ. ಇಷ್ಟು ಮುಖ್ಯವಾದ ವಿಷಯಕ್ಕೆ ಒಂದು ಎಚ್ಚರಿಕೆ ಸಾಲಾದರೂ ಎದುರಿಗೆ ಬರಬೇಕಿತ್ತು.

ಲ್ಯಾಬ್ ಅಂದಾಗ ನೆನಪಾಯಿತು. ಹೆಸರು ಬೇಡ, ಒಂದು ಲ್ಯಾಬ್ ನಮಗೆ ಕಳಿಸಿದ ವರದಿಯಲ್ಲಿ ಬಣ್ಣಬಣ್ಣದ ಪಟ್ಟಿಗಳ ಚಿತ್ರ ಇತ್ತು, 'ಮೂರು ಗುಂಪುಗಳು ಕಾಣುತ್ತವೆ' ಅನ್ನುವ ಒಂದು ವಾಕ್ಯ ಇತ್ತು, ಅಷ್ಟೇ. ಯಾವ ಪ್ರಾಣಿಗೆ ಯಾವುದು ಎಷ್ಟು ಹತ್ತಿರದ ನೆಂಟ ಅನ್ನುವ ಕೋಷ್ಟಕ ಇಲ್ಲ. ಪ್ರತಿ ಪ್ರಾಣಿಯಲ್ಲಿ ಯಾವ ಆಲೀಲ್‌ಗಳು ಸಿಕ್ಕವು ಅನ್ನುವ ಮೂಲ ಜೀನೋಟೈಪ್ ಕಡತವೂ ಇಲ್ಲ. ಆ ಚಿತ್ರ ಗೋಡೆಗೆ ಅಂಟಿಸೋಕೆ ಚೆನ್ನ, ವೋರ್ಟೆಕ್ಸ್‌ಗೆ ತಿನ್ನಿಸೋಕೆ ಆಗುವುದಿಲ್ಲ. ಮಾದರಿ ಕಳಿಸುವಾಗಲೇ ಬರವಣಿಗೆಯಲ್ಲಿ ಕೇಳಿ: ಮೂಲ ಕಡತ ಬೇಕು, ನಂಟಿನ ಕೋಷ್ಟಕ ಬೇಕು, ಪ್ರತಿ ಮಾದರಿಯನ್ನು ಎಷ್ಟು ಸಲ ಪರೀಕ್ಷಿಸಿದಿರಿ ಅನ್ನುವುದೂ ಬೇಕು. ಕೊನೆಯದು ಹಿಕ್ಕೆ ಮಾದರಿಗಳಿಗೆ ತುಂಬಾ ಮುಖ್ಯ. ಅದರಲ್ಲಿ ಡಿಎನ್‌ಎ ಕಡಿಮೆ, ಅದೂ ಹಾಳಾಗಿರುತ್ತದೆ. ಎರಡು ಆಲೀಲ್ ಇರುವ ಕಡೆ ಒಂದೇ ಸಿಕ್ಕಿ, ಇನ್ನೊಂದು ತಪ್ಪಿಹೋಗುವುದು ಮಾಮೂಲು. ಹಾಗಾದಾಗ ಆರೋಗ್ಯವಾದ ಹಿಂಡೂ ಒಳಗೊಳಗೇ ಕೂಡಿದ ಹಿಂಡಿನಂತೆ ಕಾಣುತ್ತದೆ.

ಈ ಒಳಗೊಳಗೇ ಕೂಡುವುದರ ಬೆಲೆಯನ್ನು, ಅಂದರೆ ಇನ್‌ಬ್ರೀಡಿಂಗ್ ಹೊಡೆತವನ್ನು, ವೋರ್ಟೆಕ್ಸ್ ಎರಡು ಅಂಕಿಗಳಲ್ಲಿ ಕೇಳುತ್ತದೆ. ಮೊದಲನೆಯದು ಮಾರಕ ಜೀನ್‌ಗಳ ಹೊರೆ. ತಾನಾಗಿ ತುಂಬಿರುವ ಅಂಕಿ 6.29. ಅದರ ಅರ್ಥ ಹೀಗೆ: ಒಡಹುಟ್ಟಿದವು ಕೂಡಿ ಮರಿ ಹಾಕಿದರೆ, ಆ ಮರಿ ಮೊದಲ ವರ್ಷ ಬದುಕುವ ಸಾಧ್ಯತೆ ಉಳಿದ ಮರಿಗಳದ್ದಕ್ಕಿಂತ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಎಷ್ಟೋ ಜನ ಇದು ಅತಿಯಾಯಿತು ಅಂತ ಈ ಅಂಕಿಯನ್ನು ಕೈಯಾರೆ ಇಳಿಸುತ್ತಾರೆ. ನಾನು ಇಳಿಸುವುದಿಲ್ಲ. ಹಿಂದೆ ಎಲ್ಲರೂ ಬಳಸುತ್ತಿದ್ದ 3.14, ಕ್ಯಾಥರೀನ್ ರಾಲ್ಸ್ ಮತ್ತು ಜೊತೆಗಾರರು 1988ರಲ್ಲಿ ಸೆರೆಯಲ್ಲಿದ್ದ ಸಸ್ತನಿಗಳಿಂದ ತೆಗೆದದ್ದು. ಸೆರೆಯಲ್ಲಿ ಹೊತ್ತಿಗೆ ಸರಿಯಾಗಿ ಮೇವು ಸಿಗುತ್ತದೆ, ವೈದ್ಯರು ಇರುತ್ತಾರೆ. ಕಾಡಿನಲ್ಲಿ ಅದೇ ದೌರ್ಬಲ್ಯ ಜೀವ ತೆಗೆಯುತ್ತದೆ.

ಎರಡನೆಯ ಅಂಕಿ ಇನ್ನೂ ಸ್ವಾರಸ್ಯವಾದದ್ದು. ಆ ಹೊರೆಯಲ್ಲಿ ಎಷ್ಟು ಪಾಲು 'ಎರಡೂ ಪ್ರತಿ ಸೇರಿದರೆ ಸಾವೇ' ಅನ್ನುವಂಥ ಜೀನ್‌ಗಳದ್ದು? ತಾನಾಗಿ ಬರುವುದು ಶೇ. 50. ಅಂಥವನ್ನು ಹೊತ್ತ ಮರಿಗಳು ಸತ್ತು, ಜೀನ್‌ಗಳು ಹಿಂಡಿನಿಂದ ನಿಧಾನವಾಗಿ ತೊಳೆದುಹೋಗಬಹುದು. ಉಳಿದರ್ಧ ಹಾಗೆ ತೊಳೆದುಹೋಗುವುದಿಲ್ಲ. ಈ ವಿಂಗಡಣೆ ಎಷ್ಟು ಜಾಣತನದ್ದು ಅಂತ ತಿಳಿಯಬೇಕಾದರೆ ಆಲ್ಪೈನ್ ಐಬೆಕ್ಸ್ ಕಥೆ ನೋಡಬೇಕು. ಬೇಟೆಗೆ ಸಿಕ್ಕಿ ಈ ಕಾಡುಮೇಕೆ ಇಟಲಿಯ ಗ್ರಾನ್ ಪಾರಡೀಸೋ ಸುತ್ತ ನೂರರ ಆಸುಪಾಸಿಗೆ ಇಳಿದಿತ್ತು. ಅಲ್ಲಿಂದ ಕೆಲವನ್ನು ತಂದು ಸಾಕಿ, ಅವುಗಳ ಮರಿಗಳನ್ನು ಆಲ್ಪ್ಸ್‌ನ ಬೇರೆ ಬೇರೆ ಬೆಟ್ಟಗಳಲ್ಲಿ ಬಿಟ್ಟರು. ಇವತ್ತು ಸಾವಿರಾರು ಇವೆ. ಎಣಿಕೆಯಲ್ಲಿ ದೊಡ್ಡ ಗೆಲುವು. 2020ರಲ್ಲಿ ಅವುಗಳ ಪೂರ್ತಿ ಜೀನೋಮ್ ಓದಿದವರಿಗೆ ಕಂಡದ್ದು: ತೀರಾ ಕೆಟ್ಟ ಜೀನ್ ಬದಲಾವಣೆಗಳು ಕಡಿಮೆಯಾಗಿವೆ, ಸಣ್ಣಪುಟ್ಟ ಕೆಡುಕಿನವು ಗುಡ್ಡೆಯಾಗಿವೆ. ವೋರ್ಟೆಕ್ಸ್‌ನ ಆ ಎರಡು ಖಾನೆಗಳಲ್ಲಿ ಇರುವುದೂ ಇದೇ ತರ್ಕ.

'ಜೀನ್ ಗೀನ್ ಎಲ್ಲಾ ಸುಮ್ನೆ, ಮಾರಿಷಸ್ ಕೆಸ್ಟ್ರೆಲ್ ನೋಡಿ' ಅನ್ನುವವರು ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ. ನಿಜ, 1974ರಲ್ಲಿ ಕಾಡಿನಲ್ಲಿ ನಾಲ್ಕೇ ಹಕ್ಕಿ ಗೊತ್ತಿದ್ದವು. ಆಮೇಲೆ ನೂರಾರು ಆದವು. ವಸ್ತುಸಂಗ್ರಹಾಲಯದ ಹಳೆಯ ಚರ್ಮಗಳ ಡಿಎನ್‌ಎ ಜೊತೆ ಹೋಲಿಸಿದರೆ ಅವು ಅರ್ಧಕ್ಕಿಂತ ಹೆಚ್ಚು ವೈವಿಧ್ಯ ಕಳೆದುಕೊಂಡೂ ಬದುಕಿವೆ. ಆದರೆ ಗೆದ್ದವರ ಕಥೆ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ. ವೋರ್ಟೆಕ್ಸ್ ಓಡಿಸಿದಾಗ ನೂರರಲ್ಲಿ ಕೆಲವು ಗೆರೆಗಳು ಹಾಗೆ ಬದುಕಿಕೊಳ್ಳುತ್ತವೆ. ಉಳಿದವೂ ಅದೇ ಪರದೆಯ ಮೇಲೆ ಇರುತ್ತವೆ.

ಹೊರಗಿನಿಂದ ಪ್ರಾಣಿ ತಂದು ಸೇರಿಸುವ ಪುಟ ನನಗೆ ಎಲ್ಲಕ್ಕಿಂತ ಇಷ್ಟ. ಯಾವ ವರ್ಷದಿಂದ, ಎಷ್ಟು ವರ್ಷಕ್ಕೊಮ್ಮೆ, ಯಾವ ವಯಸ್ಸಿನವು, ಗಂಡೆಷ್ಟು ಹೆಣ್ಣೆಷ್ಟು? ಇಷ್ಟು ತುಂಬಿದರೆ ಸಾಕು. ಅಮೆರಿಕದ ಫ್ಲಾರಿಡಾ ಪ್ಯಾಂಥರ್ (ಪೂಮಾ ಜಾತಿಯ ದೊಡ್ಡ ಬೆಕ್ಕು) 20–30ಕ್ಕೆ ಇಳಿದು, ಬಾಲ ಮುರುಟಿ, ವೃಷಣ ಇಳಿಯದೆ, ಹೃದಯದಲ್ಲಿ ತೂತು ಇಟ್ಟುಕೊಂಡು ಹುಟ್ಟುತ್ತಿದ್ದಾಗ, 1995ರಲ್ಲಿ ಟೆಕ್ಸಸ್‌ನಿಂದ ಎಂಟು ಹೆಣ್ಣು ತಂದು ಬಿಟ್ಟರು. ಮುಂದಿನ ಒಂದು ದಶಕದಲ್ಲಿ ಸಂಖ್ಯೆ ಮೂರು ಪಟ್ಟಾಯಿತು. ಹಾಗಾದರೆ ಒಂದು ಸಲ ತಂದು ಬಿಟ್ಟರೆ ಮುಗಿಯಿತಾ? ಅದಕ್ಕೆ ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪದಲ್ಲಿದೆ. 1997ರಲ್ಲಿ ಹೆಪ್ಪುಗಟ್ಟಿದ ಸರೋವರ ದಾಟಿ ಒಂದೇ ಒಂದು ಗಂಡು ತೋಳ ಬಂತು. ಹೊಸ ರಕ್ತ ಬಂತು ಅಂತ ಎಲ್ಲರಿಗೂ ಸಂತೋಷ. ಕೆಲವೇ ತಲೆಮಾರಿನಲ್ಲಿ ದ್ವೀಪದ ಅಷ್ಟೂ ತೋಳಗಳು ಅವನ ನೆಂಟರಾದವು, ಮತ್ತೆ ಅದೇ ಸಮಸ್ಯೆ. 2016ರ ಹೊತ್ತಿಗೆ ಉಳಿದದ್ದು ಎರಡೇ, ಅವೂ ಅಪ್ಪ-ಮಗಳು. ತೋಳ ಇಲ್ಲದೆ, ಅವುಗಳ ಬೇಟೆಯಾದ ಮೂಸ್ ಅನ್ನುವ ಭಾರಿ ಜಿಂಕೆಗಳು ಎರಡು ಸಾವಿರ ದಾಟಿ ಫರ್ ಮರಗಳ ಎಳೆ ಸಸಿಗಳನ್ನು ಮೇಯತೊಡಗಿದವು. ಒಂದು ಹಿಂಡಿನ ಜೀನ್ ಸಮಸ್ಯೆ ಇಡೀ ಕಾಡಿನ ಸಮಸ್ಯೆಯಾಗುವುದು ಹೀಗೆ. ಕೊನೆಗೆ 2018–19ರಲ್ಲಿ 19 ತೋಳಗಳನ್ನು ಬೇರೆ ಬೇರೆ ಕಡೆಯಿಂದ ತಂದು ಬಿಟ್ಟರು.

ವೋರ್ಟೆಕ್ಸ್‌ನಲ್ಲಿ 'ಒಂದೇ ಸಲ' ಮತ್ತು 'ತಲೆಮಾರಿಗೊಮ್ಮೆ ಒಂದೆರಡು' ಅನ್ನುವ ಎರಡು ಯೋಜನೆ ಮಾಡಿ ಹೋಲಿಸಿದರೆ ಈ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಜೊತೆಗೆ, ಪ್ರಾಣಿ ಕೊಡುವ ಹಿಂಡಿನಿಂದ ತೆಗೆಯುವ ಲೆಕ್ಕವನ್ನೂ ಹಾಕಬಹುದು. ಎಷ್ಟೋ ಯೋಜನೆಗಳಲ್ಲಿ ಇದನ್ನು ಯಾರೂ ಕೇಳುವುದೇ ಇಲ್ಲ. ಹೊಸ ಕಾಡು ತುಂಬಿಸಲು ಹೋಗಿ ಹಳೆ ಹಿಂಡನ್ನು ಬರಿದು ಮಾಡಿದರೆ ಯಾವ ಪುರುಷಾರ್ಥಕ್ಕೆ?

ಆದರೆ ಈ ಪುಟ ಒಂದು ಅಪಾಯವನ್ನು ಮುಚ್ಚಿಡುತ್ತದೆ. ಇಲ್ಲಿ ಹೊರಗಿನ ಪ್ರಾಣಿ ಅಂದರೆ ಯಾವಾಗಲೂ ಒಳ್ಳೆಯದೇ. ಎಲ್ಲಿಂದ ತಂದದ್ದು, ಆ ಜಾಗದ ಹವೆಗೆ ಒಗ್ಗುತ್ತದಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ಮಧ್ಯ ಯುರೋಪಿನ ಟಾಟ್ರಾ ಬೆಟ್ಟಗಳಲ್ಲಿ ಐಬೆಕ್ಸ್ ಅಳಿದ ಮೇಲೆ ಆಸ್ಟ್ರಿಯಾದಿಂದ ತಂದು ಬಿಟ್ಟದ್ದು ಚೆನ್ನಾಗಿಯೇ ನಡೆದಿತ್ತು. ಆಮೇಲೆ ಟರ್ಕಿ ಮತ್ತು ಸೈನಾಯ್ ಕಡೆಯ ಬಿಸಿಲು ನಾಡಿನ ಕಾಡುಮೇಕೆಗಳನ್ನೂ ತಂದು ಸೇರಿಸಿದರು. ಮಿಶ್ರ ತಳಿಗಳು ಬೇಗ ಬೆದೆಗೆ ಬಂದವು. ಮರಿಗಳು ಹುಟ್ಟಿದ್ದು ಕೊರೆಯುವ ಫೆಬ್ರವರಿಯಲ್ಲಿ. ಹಿಂಡೇ ನಿರ್ನಾಮವಾಯಿತು. ಈ ಯೋಜನೆಯನ್ನು ಮಾಮೂಲಿ ಖಾನೆಗಳಲ್ಲಿ ತುಂಬಿ ಓಡಿಸಿದರೆ ವೋರ್ಟೆಕ್ಸ್ 'ವೈವಿಧ್ಯ ಹೆಚ್ಚಿದೆ, ಭೇಷ್' ಅಂದುಬಿಡುತ್ತದೆ! ಸ್ವಂತ ಸೂತ್ರ ಬರೆದು ಇಂಥದ್ದನ್ನು ಸೇರಿಸಲು ದಾರಿ ಇದೆ, ಆದರೆ ಅದು ಹೊಸಬರ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ಮೂಲ ಹಿಂಡಿನ ಆಯ್ಕೆಯನ್ನು ತಂತ್ರಾಂಶದ ಹೊರಗೇ ಮುಗಿಸಿಕೊಂಡು ಬನ್ನಿ. ಹವೆ, ಬೆದೆಯ ಕಾಲ, ಮೇವು, ಎರಡು ಹಿಂಡುಗಳು ಬೇರೆಯಾಗಿ ಎಷ್ಟು ಕಾಲವಾಯಿತು, ಇಷ್ಟನ್ನೂ ನೋಡಿ.

ಗಿಡಗಳ ಕೆಲಸದವರಿಗೆ ಇದನ್ನು ನಾನು ಹೇಳುವುದಿಲ್ಲ. ನೆಲದಡಿಯ ಕಾಂಡದಿಂದಲೂ ಹಬ್ಬುವ ಸಮುದ್ರಹುಲ್ಲಿಗೆ 'ಒಂದು ಪ್ರಾಣಿ, ಒಬ್ಬ ಅಪ್ಪ, ಒಬ್ಬಳು ಅಮ್ಮ' ಅನ್ನುವ ಲೆಕ್ಕ ಹೊಂದುವುದಿಲ್ಲ. ಅಲ್ಲಿಯೂ ಜೀನ್ ಪ್ರಶ್ನೆ ಇದೆ, ಕ್ಯಾಲಿಫೋರ್ನಿಯಾದ ಬೊಡೇಗಾ ಕೊಲ್ಲಿಯ ಪ್ರಯೋಗದಲ್ಲಿ ಹೆಚ್ಚು ಜೀನೋಟೈಪ್ ಇದ್ದ ಹುಲ್ಲಿನ ತುಂಡುಗಳು ಹೆಬ್ಬಾತುಗಳು ಮೇಯುವುದನ್ನು ಚೆನ್ನಾಗಿ ತಡೆದುಕೊಂಡಿದ್ದವು. ಅದಕ್ಕೆ ಬೇರೆ ಸಾಧನ ಹುಡುಕಿ.

ಪ್ರಾಣಿಗಳಿಗೂ ಬೇರೆ ಆಯ್ಕೆಗಳು ಇಲ್ಲ ಅಂತಲ್ಲ. ಸ್ಲಿಮ್ ಅನ್ನುವ ತಂತ್ರಾಂಶ ಜೀನೋಮ್ ಮಟ್ಟದ ಅನುಕರಣೆಯಲ್ಲಿ ಇದಕ್ಕಿಂತ ಎಷ್ಟೋ ಮುಂದೆ, ಆದರೆ ಕೋಡ್ ಬರೆಯಲು ಬರಬೇಕು. ಪಿಎಂಎಕ್ಸ್ ಅನ್ನುವ ಇನ್ನೊಂದು ತಂತ್ರಾಂಶ ಸೆರೆ ಹಿಂಡಿನ ವಂಶಾವಳಿಗೆ, ಯಾವುದಕ್ಕೆ ಯಾವುದನ್ನು ಜೋಡಿ ಮಾಡಬೇಕು ಅನ್ನುವುದಕ್ಕೆ. ನಾನು ಪಿಎಂಎಕ್ಸ್‌ನಲ್ಲಿ ಯಾವ ಪ್ರಾಣಿ ಅಂತ ಆರಿಸಿ, ವೋರ್ಟೆಕ್ಸ್‌ನಲ್ಲಿ ಎಷ್ಟು ಮತ್ತು ಯಾವಾಗ ಅಂತ ನೋಡುತ್ತೇನೆ.

ಶುರು ಮಾಡುವವರಿಗೆ ಎರಡು ಮಾತು. ಅಂಕಿ ಗೊತ್ತಿಲ್ಲದ ಖಾನೆಗೆ ಒಂದೇ ಅಂಕಿ ಊಹಿಸಿ ಹಾಕಬೇಡಿ. ಕಡಿಮೆ, ಮಧ್ಯ, ಜಾಸ್ತಿ ಅಂತ ಮೂರು ಹಾಕಿ ಓಡಿಸಿ. ಫಲಿತಾಂಶ ಬದಲಾಗದಿದ್ದರೆ ಆ ಅಂಕಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪೂರ್ತಿ ಬದಲಾದರೆ, ಮುಂದಿನ ಹಂಗಾಮಿನಲ್ಲಿ ಕಾಡಿನವರು ಏನನ್ನು ಅಳೆದು ತರಬೇಕು ಅಂತ ಗೊತ್ತಾಯಿತಲ್ಲ. ಇನ್ನೊಂದು, ಯಾವ ಅಂಕಿ ಎಲ್ಲಿಂದ ಬಂತು ಅನ್ನುವುದನ್ನು ಅಲ್ಲಿರುವ ಟಿಪ್ಪಣಿಯ ಜಾಗದಲ್ಲೇ ಬರೆದಿಡಿ. ಮುಂದೆ ಇದೇ ಕಡತ ತೆರೆಯುವವರು ನೀವೇ ಆಗಿರಬೇಕೆಂದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಬಿಟ್ಟ ಪ್ರಾಣಿಗಳು ನೆಂಟರಾ ಅಂತ ಅದೇ ಮೊದಲು ಕೇಳುವ ಆವೃತ್ತಿ ಬಂದ ದಿನ ಐದು.